ಸಾಹಸಚಿತ್ರಗಳಲ್ಲಿ ತಂದೆಯ ಸ್ಥಾನ

ಹೊಡೆದಾಟವೇ ಪ್ರಧಾನವಾಗಿರುವ ಚಲಚ್ಚಿತ್ರಗಳನ್ನು ಕುರಿತು ವಿಮರ್ಶೆ ಬರೆಯುವುದು ವಿದ್ಯಾವಂತರ ಮನೆಗಳಲ್ಲಿ ಅಷ್ಟೇನೂ ಗೌರವದ ಕೆಲಸವೆನ್ನಿಸಿಕೊಂಡಿಲ್ಲ. ಹಿರಿಯರು ಅವುಗಳನ್ನು ನೋಡುವುದಿಲ್ಲ. ನೋಡಿದರೂ ನೋಡಿದೆವೆಂದು ಹೇಳುವುದಿಲ್ಲ. ಕಿರಿಯರಾದರೋ ಒಂದಲ್ಲ ನಾಲ್ಕು ಬಾರಿ ನೋಡುತ್ತಾರೆ; ಮನೆಗೆ ಬಂದು ನಾಯಕನ ನಡಿಗೆಯನ್ನು ನಡೆದು ತೋರಿಸುತ್ತಾರೆ. ಹೀಗೆ ಒಂದೇ ಸೂರಿನ ಕೆಳಗೆ ತಂದೆಗೊಂದು ಕಥೆ, ಮಗನಿಗೊಂದು ಕಥೆ ಎಂದಾಗಿದೆ. ಜಗುಲಿಯ ಮೇಲೆ ಜೈಮಿನಿ ಭಾರತದ ವಾಚನ ನಡೆಯುತ್ತಿದ್ದ ಕಾಲದಲ್ಲಿ ಹಾಗಿರಲಿಲ್ಲ. ಅಜ್ಜನೂ ಮೊಮ್ಮಗನೂ ಒಂದೇ ಯುದ್ಧವನ್ನು ಕೇಳುತ್ತಿದ್ದರು; ಯಾರು ಗೆದ್ದದ್ದು ನ್ಯಾಯ, ಯಾರು ಗೆದ್ದದ್ದು ಅನ್ಯಾಯ ಎಂದು ಮಾರನೆಯ ದಿನ ಹೊಲದಲ್ಲಿ ವಾದಿಸುತ್ತಿದ್ದರು. ಗಂಡಸುತನವೆಂದರೇನು, ಮಗನೆಂಬವನು ಯಾರು, ಕುಲವೆಂಬುದರ ಬೆಲೆಯೆಷ್ಟು ಎಂಬ ಪ್ರಶ್ನೆಗಳನ್ನು ಇಂದಿನ ಹುಡುಗನು ಬಹುಮಟ್ಟಿಗೆ ಬೆಳ್ಳಿತೆರೆಯ ಮುಂದೆ ಕುಳಿತು ಕೇಳಿಕೊಳ್ಳುತ್ತಾನೆ. ಅಲ್ಲಿ ಅವನಿಗೆ ದೊರೆಯುವ ಉತ್ತರವೇನೆಂಬುದನ್ನು ಹಿರಿಯರು ಅರಿಯದೆಯೇ ಹಳಿಯುವುದು ಸರಿಯಲ್ಲ. ಅರಿತ ಮೇಲೆ ಸುಮ್ಮನಿರುವುದೂ ಸರಿಯಲ್ಲ.

ಚನ್ನರಾಯಪಟ್ಟಣದ ಸೀಮೆಯವರಿಗೆ 2018ನೆಯ ವರ್ಷ ಎರಡು ಕಾರಣಗಳಿಂದ ನೆನಪಿನಲ್ಲಿ ಉಳಿಯತಕ್ಕದ್ದು. ಆ ವರ್ಷದ ಫೆಬ್ರುವರಿಯಲ್ಲಿ ತಾಲ್ಲೂಕಿಗೇ ಸೇರಿದ ಶ್ರವಣಬೆಳಗೊಳದಲ್ಲಿ, ಹನ್ನೆರಡು ವರ್ಷಗಳಿಗೊಮ್ಮೆ ಬರುವ ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕ ನಡೆಯಿತು. ಡಿಸೆಂಬರಿನಲ್ಲಿ 'ಕೆ.ಜಿ.ಎಫ್.' ಎಂಬ ಚಲಚ್ಚಿತ್ರದ ಮೊದಲನೆಯ ಭಾಗ ತೆರೆಗೆ ಬಂದಿತು. ಪ್ರಶಾಂತ್ ನೀಲ್ ಅವರು ನಿರ್ದೇಶಿಸಿದ ಆ ಚಿತ್ರದ ನಾಯಕ ಯಶ್ ಅವರು ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದವರು. ಅವರ ತಂದೆ ಸರಕಾರಿ ಸಾರಿಗೆಯ ಬಸ್ಸಿನ ಚಾಲಕರಾಗಿದ್ದವರು. ಮಗನು ಹೆಸರುವಾಸಿಯಾದ ಮೇಲೂ ತಂದೆ ಆ ಕೆಲಸವನ್ನು ಬಿಡಲಿಲ್ಲವೆಂಬ ಸಂಗತಿ ದೇಶದಲ್ಲೆಲ್ಲ ಮೆಚ್ಚುಗೆ ಪಡೆಯಿತು. 2022ರ ಏಪ್ರಿಲಿನಲ್ಲಿ ಬಂದ ಎರಡನೆಯ ಭಾಗ ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕು ಗಳಿಸಿತು. ಕನ್ನಡದ ಕಥೆಯೊಂದನ್ನು ಇಷ್ಟು ಮಂದಿ ಹಿಂದೆಂದೂ ನೋಡಿದುದಿಲ್ಲ. ಆದುದರಿಂದ ಪರೀಕ್ಷೆಗೆ ಮೊದಲು ಎತ್ತಿಕೊಳ್ಳಬೇಕಾದ ಚಿತ್ರ ಅದೇ.

ಕಥೆಯನ್ನು ನೋಡದವರಿಗಾಗಿ ಎರಡು ಮಾತು. 1951ರಲ್ಲಿ ಒಂದು ದಿನ ಕೋಲಾರದ ಬಳಿಯ ನರಾಚಿ ಎಂಬ ಕಲ್ಪಿತ ಸ್ಥಳದಲ್ಲಿ ಚಿನ್ನ ಕಾಣಿಸಿಕೊಳ್ಳುತ್ತದೆ. ಅದೇ ದಿನ ಬಡ ಹೆಂಗಸೊಬ್ಬಳಿಗೆ ಗಂಡುಮಗು ಹುಟ್ಟುತ್ತದೆ. ರಾಜ ಕೃಷ್ಣಪ್ಪ ಬೈರ್ಯ ಎಂದು ಅದರ ಹೆಸರು. ತಾಯಿ ರೋಗದಿಂದ ಸಾಯುವಾಗ, ಹತ್ತು ವರ್ಷದ ಮಗನಿಂದ ಒಂದು ಮಾತು ತೆಗೆದುಕೊಳ್ಳುತ್ತಾಳೆ: ಹೇಗೆ ಬದುಕಿದರೂ ಸರಿ, ಸಾಯುವಾಗ ಬಲವಂತನಾಗಿ, ಸಿರಿವಂತನಾಗಿ ಸಾಯಬೇಕು. ಹುಡುಗನು ಮುಂಬಯಿಗೆ ಓಡಿಹೋಗಿ, ರಾಕಿ ಎಂಬ ಹೆಸರಿಟ್ಟುಕೊಂಡು, ಕಳ್ಳಸಾಗಣೆಯವರ ಆಳಾಗಿ, ಅನಂತರ ನರಾಚಿಯ ಗಣಿಯೊಳಕ್ಕೆ ಕೂಲಿಯ ವೇಷದಲ್ಲಿ ಹೊಕ್ಕು ಗಣಿಯ ಒಡೆಯನನ್ನು ಕೊಲ್ಲುತ್ತಾನೆ. ಎರಡನೆಯ ಭಾಗದಲ್ಲಿ ಅವನೇ ಒಡೆಯ. ಕೊನೆಗೆ ಸರಕಾರದ ಹಡಗುಗಳ ಗುಂಡಿನ ಮಳೆಯಲ್ಲಿ, ಗಳಿಸಿದ ಚಿನ್ನದೊಂದಿಗೆ ಸಮುದ್ರದಲ್ಲಿ ಮುಳುಗುತ್ತಾನೆ.

ಚಿತ್ರದ ಶಕ್ತಿಯೇನೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮೊದಲನೆಯ ಭಾಗದಲ್ಲಿ ಮುಂಬಯಿಯ ಬೀದಿಯಲ್ಲಿ ಎಳೆಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳ ಕೈಯಿಂದ ರೊಟ್ಟಿಯ ತುಂಡು ಕೆಳಕ್ಕೆ ಬೀಳುತ್ತದೆ; ಹೋಗಿ ಬರುವ ವಾಹನಗಳ ನಡುವೆ ಅದನ್ನು ಎತ್ತಿಕೊಳ್ಳಲಾರದೆ ಅವಳು ನಿಲ್ಲುತ್ತಾಳೆ. ನಾಯಕನು ನಡುಬೀದಿಯಲ್ಲಿ ನಿಂತು ವಾಹನಗಳನ್ನೆಲ್ಲ ತಡೆಯುತ್ತಾನೆ. ಲೋಕದಲ್ಲಿ ತಾಯಿಗಿಂತ ದೊಡ್ಡ ವೀರರಿಲ್ಲವೆಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಕಥೆಯಲ್ಲಿ ಕೊಲೆಗಳಿಗೆ ಲೆಕ್ಕವಿಲ್ಲ. ಆದರೂ ಮನೆಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ಆ ರೊಟ್ಟಿ. ತಾಯಿಯ ಹಂಬಲವನ್ನು ಮಗನು ತಲೆಯ ಮೇಲೆ ಹೊತ್ತು ನಡೆಯುವ ಈ ವಸ್ತು ಇಲ್ಲಿನ ನೆಲಕ್ಕೆ ಹೊಸತಲ್ಲ. ಪೌದನಪುರದ ಬಾಹುಬಲಿಯ ಬಿಂಬವನ್ನು ಕಾಣಬೇಕೆಂಬ ತಾಯಿ ಕಾಳಲಾದೇವಿಯ ಬಯಕೆಯಿಂದಲೇ ಚಾವುಂಡರಾಯನು ಬೆಳಗೊಳದ ಬೆಟ್ಟದ ಮೇಲೆ ಐವತ್ತೆಂಟು ಅಡಿಯ ಆ ಮೂರ್ತಿಯನ್ನು ಕಡೆಸಿದನೆಂದು ಐತಿಹ್ಯ. ಒಬ್ಬ ತಾಯಿ ನೋಡಬೇಕೆಂದಳು, ಮತ್ತೊಬ್ಬಳು ಗಳಿಸಬೇಕೆಂದಳು. ಮಗಂದಿರು ಇಬ್ಬರೂ ಮಾತು ಉಳಿಸಿಕೊಂಡರು.

ಇಷ್ಟೆಲ್ಲ ಆದಮೇಲೆ ಒಂದು ಪ್ರಶ್ನೆ ಏಳುತ್ತದೆ: ತಂದೆಯೆಲ್ಲಿ? ಕೆ.ಜಿ.ಎಫ್. ಕಥೆಯಲ್ಲಿ ನಾಯಕನ ತಂದೆ ನೆರಳಿನಂತೆ ಸುಳಿದರೆ ಸುಳಿದಾನು. ಮಗನ ಹೆಸರಿಗಾಗಲಿ ಬಾಳಿಗಾಗಲಿ ಅವನು ಕೊಟ್ಟದ್ದೇನೂ ಇಲ್ಲ. ಆದರೆ ಖಳರ ಪಂಗಡವನ್ನು ನೋಡಿರಿ. ಅಲ್ಲಿ ತಂದೆಯುಂಟು, ತಮ್ಮನುಂಟು, ಹಿರಿಯ ಮಗನುಂಟು, ಪಟ್ಟದ ಸರದಿಯುಂಟು. ಸೂರ್ಯವರ್ಧನನು ಗಣಿಯನ್ನು ಕಟ್ಟಿದವನು. ಅವನ ಮಗ ಗರುಡ ಅದನ್ನು ಆಳತಕ್ಕವನು. ತಮ್ಮ ಅಧೀರ ತನ್ನ ಸರದಿಗಾಗಿ ಕಾಯತಕ್ಕವನು. ಆಸ್ತಿ, ವಂಶ, ತಂದೆಯ ಮಾತು ಇವೆಲ್ಲ ದುಷ್ಟರ ಪಾಲಿಗೆ ಬಂದಿವೆ. ನಾಯಕನ ಪಾಲಿಗೆ ಬಂದದ್ದು ತಾಯಿಯ ಮಾತು ಒಂದೇ. ಈ ಹಂಚಿಕೆ ಅಕಸ್ಮಾತ್ತಾಗಿ ಆದದ್ದಲ್ಲ. ತಂದೆಯೆಂದರೆ ಈ ದೇಶದಲ್ಲಿ ಬರಿಯ ಒಬ್ಬ ಮನುಷ್ಯನಲ್ಲ. ಅವನು ಕುಲವನ್ನು ಕೊಡುವವನು. ತಂದೆಯ ಹೆಸರು ಹೇಳಿದೊಡನೆ ಊರು ತಿಳಿಯುತ್ತದೆ, ಕೇರಿ ತಿಳಿಯುತ್ತದೆ, ಪಂಕ್ತಿಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂಬುದು ತಿಳಿಯುತ್ತದೆ. ನಾಯಕನನ್ನು ಎಲ್ಲ ಕೇರಿಯ ಹುಡುಗರೂ ತಮ್ಮವನೆಂದುಕೊಳ್ಳಬೇಕಾದರೆ ಅವನಿಗೆ ತಂದೆ ಇರಬಾರದು. ತಾಯಿಗೆ ಕೇರಿಯಿಲ್ಲವೆಂದು ಕಥೆಗಾರರು ನಂಬಿದ್ದಾರೆ. ಅದು ನಿಜವಲ್ಲ, ಆದರೆ ತೆರೆಯ ಮೇಲೆ ಸಾಗುತ್ತದೆ.

ಹಳೆಯ ಕವಿಗಳು ಈ ಗಂಟನ್ನು ಹೀಗೆ ಕತ್ತರಿಸಿ ಎಸೆಯಲಿಲ್ಲ, ಬಿಚ್ಚಲು ನೋಡಿದರು. ಹಾಸನದ ನೆರೆಯ ಕಡೂರು ಸೀಮೆಯ ದೇವನೂರಿನವನೆಂದು ಹೇಳಲಾಗುವ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬಭ್ರುವಾಹನನ ಪ್ರಕರಣವನ್ನು ನೆನೆಯಬಹುದು. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಮಣಿಪುರದ ಅರಸನಿಗೆ, ಕುದುರೆಯ ಹಿಂದೆ ಬಂದವನು ತನ್ನ ತಂದೆಯಾದ ಅರ್ಜುನನೆಂದು ತಾಯಿಯಿಂದ ತಿಳಿಯುತ್ತದೆ. ಅವನು ಕಾಣಿಕೆಗಳನ್ನು ಹೊರಿಸಿಕೊಂಡು ಬಂದು ತಂದೆಯ ಕಾಲಿಗೆರಗುತ್ತಾನೆ. ತಂದೆಯಾದವನು ಕಾಲಿನಿಂದ ಒದೆಯುತ್ತಾನೆ. ಹೋರಾಡದೆ ಶರಣಾದವನು ತನ್ನ ಮಗನಾಗಿರಲಾರನೆಂದು ಅವನ ಹುಟ್ಟನ್ನೇ ಶಂಕಿಸುತ್ತಾನೆ. ಪೌರುಷವೇ ಕುಲಕ್ಕೆ ಸಾಕ್ಷಿ, ಕೈ ಎತ್ತದವನಿಗೆ ತಂದೆಯಿಲ್ಲ! ಇಂದಿನ ಸಾಹಸಚಿತ್ರಗಳ ಬೀಜಮಂತ್ರ ಇದೇ. ಆದರೆ ಕವಿ ಅದನ್ನು ನಾಯಕನ ಬಾಯಲ್ಲಿ ಇಡಲಿಲ್ಲ, ತಪ್ಪಿದ ತಂದೆಯ ಬಾಯಲ್ಲಿ ಇಟ್ಟನು. ತಪ್ಪಿಗೆ ಬೆಲೆಯಾಗಿ ಆ ತಂದೆಯ ತಲೆಯನ್ನು ಮಗನ ಕೈಯಿಂದಲೇ ಉರುಳಿಸಿದನು. ಗೆದ್ದ ಮಗನಿಗೆ ಸಂತೋಷವಿಲ್ಲ. ಅವನು ಪಾತಾಳದಿಂದ ಮಣಿಯನ್ನು ತಂದು ತಂದೆಯನ್ನು ಬದುಕಿಸಬೇಕಾಗುತ್ತದೆ. ಯುದ್ಧ ಮುಗಿದ ಮೇಲೂ ಕಥೆ ಮುಗಿಯುವುದಿಲ್ಲ ಎಂಬುದನ್ನು ಗಮನಿಸಬೇಕು.

ಹುಣಸೂರು ಕೃಷ್ಣಮೂರ್ತಿಯವರು 1977ರಲ್ಲಿ ಇದನ್ನು 'ಬಭ್ರುವಾಹನ' ಎಂಬ ಚಿತ್ರವಾಗಿಸಿದಾಗ ಅರ್ಜುನನೂ ಬಭ್ರುವಾಹನನೂ ರಾಜಕುಮಾರ್ ಅವರೇ ಆದರು. ಒಬ್ಬನೇ ನಟನು ತನ್ನೆದುರು ತಾನೇ ನಿಂತು ತಾಯಿಯ ಮಾನಕ್ಕಾಗಿ ತಂದೆಯೊಡನೆ ವಾದಿಸುವ ಆ ದೃಶ್ಯವನ್ನು ಹಳ್ಳಿಯ ಹುಡುಗರು ಇಂದಿಗೂ ಬಾಯಿಪಾಠ ಮಾಡಿ ಹೇಳುತ್ತಾರೆ. ಅದು ಕೇವಲ ತಾಂತ್ರಿಕ ಚಮತ್ಕಾರವೆಂದು ತಿಳಿದವರು ತಪ್ಪಿದ್ದಾರೆ. ಮಗನ ಮುಖವೇ ತಂದೆಯ ಮುಖವಾಗಿರುವಾಗ ತಂದೆ ಅದನ್ನು ನೋಡಿಯೂ 'ನೀನು ನನ್ನವನಲ್ಲ' ಎನ್ನುತ್ತಾನಲ್ಲ, ಪ್ರೇಕ್ಷಕನ ಹೊಟ್ಟೆ ಉರಿಯುವುದು ಅಲ್ಲಿ. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯಲ್ಲಿ ಹೆಸರಾದ ನಟರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾದಾಗ ಪ್ರಹ್ಲಾದನಾದವನು ಅವರ ಮಗ ಪುನೀತ್. ತಂದೆಯಿಂದ ಮಗನಿಗೆ ವಿದ್ಯೆಯೂ ವೇಷವೂ ಇಳಿದು ಬಂದ ಮನೆತನವೊಂದು, ತಂದೆ ಮಕ್ಕಳ ಜಗಳವನ್ನು ಅಷ್ಟು ನಿಸ್ಸಂಕೋಚವಾಗಿ ಆಡಿ ತೋರಿಸಿತು. ಆ ಧೈರ್ಯ ಈಚಿನ ಚಿತ್ರಗಳಲ್ಲಿ ಕಡಮೆ. ಅವು ತಂದೆಯೊಡನೆ ಜಗಳವಾಡುವುದಿಲ್ಲ. ಅವನನ್ನು ಅಳಿಸಿ ಹಾಕುತ್ತವೆ.

ತಂದೆಯನ್ನು ಅಳಿಸಿದವರು ಇನ್ನೂ ಏನನ್ನು ಅಳಿಸಬೇಕಾಯಿತೆಂಬುದನ್ನು ಕೋಲಾರದ ನೆಲದ ಮೇಲೆಯೇ ನಿಂತು ನೋಡಬೇಕು. ನರಾಚಿ ಕಲ್ಪಿತವಾದರೂ ಚಿತ್ರದ ಹೆಸರು ಕಲ್ಪಿತವಲ್ಲ. ಕೋಲಾರದ ಚಿನ್ನದ ಗಣಿಯ ಹೆಸರು ಅದು. ಸಯನೈಡಿನಿಂದ ಚಿನ್ನವನ್ನು ತೆಗೆದಮೇಲೆ ಉಳಿದ ಮಣ್ಣಿನ ದಿಬ್ಬಗಳ ಮೇಲೆ ಅದರ ಚಿತ್ರೀಕರಣವೂ ನಡೆಯಿತು. ಆ ಗಣಿಯನ್ನು 1880ರಿಂದ ನಡೆಯಿಸಿದವರು ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು. ಅಲ್ಲಿ ಬಣ್ಣಕ್ಕೆ ತಕ್ಕ ಬದುಕು ಇದ್ದಿತು. ಮೇಲಧಿಕಾರಿಗಳು ಬಿಳಿಯರು, ಅವರಿಗೆ ಬಂಗಲೆ, ಕ್ಲಬ್ಬು, ಹುಲ್ಲುಹಾಸು. ಮೇಲ್ವಿಚಾರಣೆಯ ನಡುವಣ ಕೆಲಸಗಳಲ್ಲಿ ಆಂಗ್ಲೋ ಇಂಡಿಯನರು ಬಹುಮಂದಿ. ಸುರಂಗಕ್ಕೆ ಇಳಿಯುತ್ತಿದ್ದವರು ಹೆಚ್ಚಾಗಿ ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ಆದಿದ್ರಾವಿಡರು. ಊರಿನ ಒಡೆಯರ ಹೊಲದಲ್ಲಿ ಜೀತಕ್ಕಿರುವುದಕ್ಕಿಂತ ನೆಲದಡಿಯ ಕತ್ತಲೆ ಲೇಸೆಂದು ಬಂದವರು ಅವರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದು ಬಂದಿತು. ಕೂಲಿಯ ಸಾಲುಮನೆಗೆ ಅದರ ಬೆಳಕು ಬೇಗ ಬರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆ ಆಳದಲ್ಲಿ ಬಂಡೆ ಮುಟ್ಟಿದರೆ ಸುಡುವಷ್ಟು ಬಿಸಿ. ಒತ್ತಡ ತಾಳಲಾರದೆ ಕಲ್ಲು ಸಿಡಿದು ಆಳುಗಳು ಸತ್ತದ್ದು ಒಂದೆರಡು ಬಾರಿಯಲ್ಲ.

ಆ ಕಾರ್ಮಿಕರು ತಮ್ಮ ಬಿಡುಗಡೆಗೆ ಮುಂಬಯಿಯಿಂದ ಬರುವ ಒಬ್ಬ ವೀರನನ್ನು ಕಾಯುತ್ತ ಕುಳಿತಿರಲಿಲ್ಲ. ಗಣಿಯವರು ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, ಅದು ಕಳ್ಳರಿಗೆ ಮಾಡುವ ಮರ್ಯಾದೆಯೆಂದು 1930ರಲ್ಲಿ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. 1946ರ ನವೆಂಬರಿನಲ್ಲಿ ಪೋಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. 1956ರಲ್ಲಿ ಗಣಿ ಮೈಸೂರು ಸರಕಾರದ ವಶಕ್ಕೆ ಬಂದಿತು. 2001ರ ಫೆಬ್ರುವರಿ 28ರಂದು ಮುಚ್ಚಿತು. ಮೂರು ನಾಲ್ಕು ತಲೆಮಾರು ತಂದೆಯ ಹಿಂದೆ ಮಗನು ಒಂದೇ ಗಣಿಗೆ ಇಳಿದ ಊರು ಅದು. ತಂದೆಯ ಎದೆಯಲ್ಲಿ ಕುಳಿತ ಕಲ್ಲಿನ ಧೂಳನ್ನು ಮಗನು ಕೆಮ್ಮಿನಿಂದ ಗುರುತಿಸುತ್ತಿದ್ದ ಊರು. ತಂದೆತನದ ಕಥೆಗೆ ಅದಕ್ಕಿಂತ ದೊಡ್ಡ ಕಣಜ ಕರ್ಣಾಟಕದಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ.

ಚಿತ್ರದಲ್ಲಿ ಇದರಲ್ಲಿ ಯಾವುದೂ ಇಲ್ಲ. ಚಿನ್ನ ಕಂಡದ್ದು 1951ರಲ್ಲಿ ಎಂದೊಡನೆ ಬಿಳಿಯರು ಕಥೆಯಿಂದ ಹೊರಗಾದರು. ಬಿಳಿಯರು ಹೊರಗಾದಮೇಲೆ ವರ್ಣದ ಪ್ರಶ್ನೆ ಹೊರಗಾಯಿತು. ಕೂಲಿಗಳೆಲ್ಲರ ಮೈಗೂ ಒಂದೇ ಮಸಿ. ಮಸಿಯ ಕೆಳಗೆ ಯಾರ ಕುಲ ಯಾವುದೆಂದು ತಿಳಿಯದು, ಯಾರ ಭಾಷೆ ಯಾವುದೆಂದೂ ತಿಳಿಯದು. ಅವರು ನರಳುತ್ತಾರೆ, ಕಾಯುತ್ತಾರೆ, ಕೊನೆಗೆ ಜಯಕಾರ ಮಾಡುತ್ತಾರೆ. ಕುರುಡ ಮುದುಕನೊಬ್ಬನನ್ನು ಕಾವಲಿನವರು ಕೊಲ್ಲಬಂದಾಗ ನಾಯಕನು ಮೊದಲ ಬಾರಿ ಗಣಿಯೊಳಗೆ ಕೈಯೆತ್ತುತ್ತಾನೆ. ದೃಶ್ಯ ಬಿಗಿಯಾಗಿದೆ, ಕಣ್ಣು ತೇವವಾಗುತ್ತದೆ. ಆದರೆ ಆ ಮುದುಕ ಯಾರ ತಂದೆ? ಅವನ ಮಗನೆಲ್ಲಿ? ಸಾವಿರಾರು ಗಂಡಸರಿರುವ ಆ ಗಣಿಯಲ್ಲಿ ಗಂಡಸೆಂಬವನು ಒಬ್ಬನೇ ಎಂದು ಚಿತ್ರ ಸಾರುತ್ತದೆ. ಬೆರಳಚ್ಚು ಕೊಡೆವೆಂದು ಕೆಲಸ ಬಿಟ್ಟು ನಿಂತವರ ಮೊಮ್ಮಕ್ಕಳು ಕೊಟ್ಟಿಗೆಯ ದನಗಳಂತೆ ತೋರಿಸಲ್ಪಟ್ಟಿದ್ದಾರೆ. ಅವರ ಊರಿನ ಹೆಸರನ್ನು ಚಿತ್ರದ ನೆತ್ತಿಯ ಮೇಲೆ ಬರೆದುಕೊಳ್ಳಲಾಗಿದೆ. ಇದು ಕಥೆ, ಚರಿತ್ರೆಯಲ್ಲ ಎಂದು ಸಮಾಧಾನ ಹೇಳುವವರುಂಟು. ಕಥೆಯೇ ಸರಿ. ಆದರೆ ಚರಿತ್ರೆಯ ಹೆಸರನ್ನು ಸಾಲ ತಂದವರು ಚರಿತ್ರೆಗೆ ಬಡ್ಡಿಯನ್ನಾದರೂ ಕೊಡಬೇಡವೆ?

ಅದೇ ಗಣಿಯನ್ನು ಕುರಿತು 2024ರಲ್ಲಿ ಪಾ. ರಂಜಿತ್ ಅವರು ತಮಿಳಿನಲ್ಲಿ ತೆಗೆದ 'ತಂಗಲಾನ್' ಈ ಸಾಲವನ್ನು ತೀರಿಸಲು ಹೊರಟ ಚಿತ್ರ. ಅಲ್ಲಿ ಉತ್ತರ ಆರ್ಕಾಟಿನ ಕೂಲಿಗಾರನೊಬ್ಬನು ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ದೊರೆಯೊಬ್ಬನ ಹಿಂದೆ ಚಿನ್ನ ಹುಡುಕಲು ಹೊರಡುತ್ತಾನೆ. ವಿಕ್ರಮ್ ಅವರು ಆಡಿದ ಆ ಪಾತ್ರ ಹೆಂಡತಿ ಮಕ್ಕಳುಳ್ಳ ಗೃಹಸ್ಥ; ರಾತ್ರಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಚಿನ್ನವನ್ನು ಕಾಯುವ ಅದ್ಭುತ ಶಕ್ತಿಗಳ ಕಥೆ ಹೇಳುವ ತಂದೆ. ಅವನ ಕುಲವೂ ಮುಚ್ಚಿಟ್ಟದ್ದಲ್ಲ, ದೊರೆಯ ಬಣ್ಣವೂ ಮುಚ್ಚಿಟ್ಟದ್ದಲ್ಲ. ಊರಿನ ಒಡೆಯನಿಗೂ ದೊರೆಗೂ ನಡುವೆ ಆ ತಂದೆ ಎರಡು ಕಲ್ಲುಗಳ ನಡುವಣ ಕಾಳಿನಂತೆ ಅರೆಯಲ್ಪಡುತ್ತಾನೆ. ಉತ್ತರಾರ್ಧದಲ್ಲಿ ಮಾಯೆ, ಪೂರ್ವಜನ್ಮ, ರಕ್ತ ಎಲ್ಲವೂ ಒಂದರ ಮೇಲೊಂದು ಬಿದ್ದು ಕಥೆ ಕಲಸಿ ಹೋಯಿತೆಂಬುದು ನಿಜ. ಕೆ.ಜಿ.ಎಫ್. ಅದಕ್ಕಿಂತ ಜಾಣತನದಿಂದ ಕಟ್ಟಿದ ಚಿತ್ರ. ಆದರೂ ಕಲಸಿಹೋದ ಆ ಕಥೆಯಲ್ಲಿ ಒಬ್ಬ ತಂದೆ ಮಕ್ಕಳೊಡನೆ ಕುಳಿತು ಮಾತನಾಡಿದನು. ಜಾಣತನದ ಕಥೆಯಲ್ಲಿ ಅಂಥ ಒಂದು ಗಳಿಗೆಗೂ ಎಡೆ ಸಿಕ್ಕಲಿಲ್ಲ.

ಬಣ್ಣದ ಮಾತು ಬಂದುದರಿಂದ ಇನ್ನೊಂದು ಚಿತ್ರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ರಾಯಚೂರು ಜಿಲ್ಲೆಯ ಮಾನ್ವಿಯ ಕಡೆ ಹುಟ್ಟಿದ ಎಸ್. ಎಸ್. ರಾಜಮೌಳಿಯವರು 2015ರಲ್ಲಿ ತೆಲುಗಿನಲ್ಲಿ ತೆಗೆದ ಚಿತ್ರಕ್ಕೆ 'ಬಾಹುಬಲಿ' ಎಂದು ಹೆಸರಿಟ್ಟರು. ಅದರಲ್ಲಿ ಕಾಲಕೇಯರೆಂಬ ಜನಾಂಗ ಬರುತ್ತದೆ: ಕಪ್ಪು ಮೈ, ಕೆದರಿದ ಕೂದಲು, ಯಾರಿಗೂ ತಿಳಿಯದ ಕಿಚಕಿಚ ಭಾಷೆ. ಅವರನ್ನು ಕೊಂದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ. ಅವರನ್ನು ಮರುಕಕ್ಕೆ ಸಿಕ್ಕದಂತೆಯೇ ಕಟ್ಟಿದೆ. ಬಿಳಿಯರು ತಮ್ಮ ಚಿತ್ರಗಳಲ್ಲಿ ಆಫ್ರಿಕದವರನ್ನು ಹೀಗೆ ತೋರಿಸಿದಾಗ ಇಲ್ಲಿನವರು ಸಿಟ್ಟಾದದ್ದುಂಟು. ಇನ್ನು ಅಮೆರಿಕದ ಸಂಗತಿಯೂ ಒಂದಿಷ್ಟು ತಿಳಿದಿರಲಿ. 1987ರ 'ಲೀಥಲ್ ವೆಪನ್' ಎಂಬ ಹೆಸರಾಂತ ಹೊಡೆದಾಟದ ಚಿತ್ರದಲ್ಲಿ ಇಬ್ಬರು ಪೋಲೀಸರಿದ್ದಾರೆ; ಹೆಂಡತಿ ಸತ್ತು, ಸಾಯಲು ಹಾತೊರೆಯುವವನು ಬಿಳಿಯ; ಐವತ್ತು ತುಂಬಿದ, ಹೆಂಡತಿ ಮಕ್ಕಳೊಡನೆ ಬಾಳುವವನು ಕರಿಯ. ಕೊನೆಗೆ ಬಿಳಿಯವನು ತನ್ನನ್ನೇ ಕೊಂದುಕೊಳ್ಳಲು ಇಟ್ಟುಕೊಂಡಿದ್ದ ಗುಂಡನ್ನು ಕರಿಯ ಗೆಳೆಯನ ಮಗಳ ಕೈಗೆ ಕೊಟ್ಟು ಹಬ್ಬದ ಊಟಕ್ಕೆ ಒಳಗೆ ಹೋಗುತ್ತಾನೆ. ಕರಿಯನ ಸಂಸಾರ ಬಿಳಿಯನ ಗಾಯಕ್ಕೆ ಔಷಧಿಯಾಯಿತೆಂದೂ, ಹೊಡೆದಾಟದ ವೈಭವವೆಲ್ಲ ಬಿಳಿಯನ ಪಾಲಿಗೇ ಉಳಿಯಿತೆಂದೂ ಆಕ್ಷೇಪಿಸಬಹುದು; ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಹೊಡೆದಾಟದ ಚಿತ್ರವೊಂದರಲ್ಲಿ ಊಟದ ಮೇಜೂ ಇರಬಹುದೆಂಬುದು ಅದರಿಂದ ತಿಳಿಯುತ್ತದೆ.

ಕನ್ನಡದಲ್ಲಿ ಈ ವಿಷಯವನ್ನು ನಿಜವಾಗಿ ಮುಟ್ಟಿದ ಚಿತ್ರ 'ಕಾಂತಾರ'. ರಿಷಬ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ನಾಯಕನಾಗಿ ಆಡಿದ ಇದು 2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂದಿತು. ತುಳುನಾಡಿನ ಭೂತದ ಕೋಲದಲ್ಲಿ ದೈವಕ್ಕೆ ಮೈಕೊಡುವವರು ನಲಿಕೆ, ಪಂಬದ, ಪರವ ಮೊದಲಾದ ಸಮುದಾಯಗಳವರು. ಕೋಲದ ರಾತ್ರಿ ಊರೊಡೆಯನು ಅವರೆದುರು ಕೈಮುಗಿದು ನಿಲ್ಲುತ್ತಾನೆ. ಬೆಳಗಾದರೆ ಅವರು ಅಂಗಳದಾಚೆ ನಿಲ್ಲಬೇಕು. ಈ ವಿಚಿತ್ರವನ್ನು ಚಿತ್ರ ಚೆನ್ನಾಗಿ ಹಿಡಿದಿದೆ. ನಾಯಕ ಶಿವನ ತಂದೆ ಕೋಲ ಕಟ್ಟುವವನು. ಒಂದು ರಾತ್ರಿ ದೈವವು ಮೈಮೇಲೆ ಬಂದಿರುವಾಗಲೇ ಕಾಡಿನೊಳಕ್ಕೆ ಓಡಿ ಕಣ್ಮರೆಯಾಗುತ್ತಾನೆ. ಮಗನು ಬೆಳೆದು ಕಂಬಳದ ಕೋಣ ಓಡಿಸುತ್ತಾನೆ, ಹಂದಿ ಬೇಟೆಯಾಡುತ್ತಾನೆ, ಕುಡಿಯುತ್ತಾನೆ, ಹೊಡೆದಾಡುತ್ತಾನೆ. ಕೋಲವನ್ನು ಮಾತ್ರ ಕಟ್ಟುವುದಿಲ್ಲ. ರಾತ್ರಿ ಕನಸಿನಲ್ಲಿ ಬೆಚ್ಚಿ ಏಳುತ್ತಾನೆ. ಹಗಲಿನ ಆ ಅಬ್ಬರವೆಲ್ಲ ರಾತ್ರಿಯ ಈ ಅಂಜಿಕೆಯ ಮೇಲೆ ಹೊದಿಸಿದ ಕಂಬಳಿ. ಗಂಡಸುತನದ ಒಳಗೆ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನು ನಡುಗುತ್ತಿರುವುದನ್ನು ಸಾಹಸಚಿತ್ರವೊಂದು ಇಷ್ಟು ಬಿಚ್ಚಿ ತೋರಿಸಿದ್ದು ಅಪರೂಪ. ಶಿವನು ಒಡೆಯನ ಹೊಸ್ತಿಲನ್ನು ದಾಟಿ ಅವನೆದುರೇ ಊಟಕ್ಕೆ ಕುಳಿತುಕೊಳ್ಳುವ ದೃಶ್ಯದಲ್ಲಿ ಒಂದು ಹೊಡೆತವೂ ಇಲ್ಲ. ಆದರೂ ಇಡೀ ಚಿತ್ರದಲ್ಲಿ ಅದಕ್ಕಿಂತ ಬಲವಾದ ಹೊಡೆತವಿಲ್ಲ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಅದೇ ಶಿವನು ಲೀಲೆಯೆಂಬ ಹುಡುಗಿಯನ್ನು ಮರೆಯಲ್ಲಿ ನಿಂತು ನೋಡುತ್ತಾನೆ, ಕೇಳದೆ ಸೊಂಟವನ್ನು ಚಿವುಟುತ್ತಾನೆ. ಚಿತ್ರ ಅದನ್ನು ವಿನೋದವೆಂದು ತಿಳಿದು ನಗುತ್ತದೆ. ಅಂಗಳದಾಚೆ ನಿಲ್ಲಿಸಲ್ಪಟ್ಟವನ ಅಪಮಾನವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಕಥೆಗೆ, ಅನುಮತಿಯಿಲ್ಲದೆ ಮುಟ್ಟಲ್ಪಟ್ಟವಳ ಅಪಮಾನ ತಿಳಿಯದೆ ಹೋಯಿತು. ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ತಂದೆಯರು ಆ ಗಳಿಗೆಯಲ್ಲಿ ಎತ್ತ ನೋಡಬೇಕೆಂದು ತಿಳಿಯದೆ ಕಡಲೆಕಾಯಿಯ ಪೊಟ್ಟಣವನ್ನು ಹುಡುಕಿರಬೇಕು.

ಇನ್ನು ಕೊನೆಯ ಭಾಗ. ಶಿವನ ಮೈಮೇಲೆ ದೈವ ಬರುತ್ತದೆ, ಒಡೆಯನು ಸಾಯುತ್ತಾನೆ. ಬಳಿಕ ಶಿವನೇ ಕೋಲ ಕಟ್ಟಿ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ, ತಂದೆ ಹೋದ ಕಾಡಿನ ದಾರಿಯಲ್ಲೇ ಓಡಿ ಮರೆಯಾಗುತ್ತಾನೆ. ಲೀಲೆ ಆಗ ಗರ್ಭಿಣಿ. ಮುಂದೊಂದು ದಿನ ಆ ಮಗು, ತನ್ನ ಅಪ್ಪ ಎಲ್ಲಿ ಹೋದನೆಂದು ಊರಿನವನೊಬ್ಬನನ್ನು ಕೇಳುತ್ತದೆ. ತಂದೆಯ ಕಣ್ಮರೆಯಿಂದ ನೊಂದು ಬೆಳೆದವನು ತನ್ನ ಮಗನಿಗೂ ಅದೇ ಕಣ್ಮರೆಯನ್ನು ಬಿಟ್ಟುಹೋದನು. ಕೋಲದ ಲೆಕ್ಕದಲ್ಲಿ ಅದು ಪರಂಪರೆ. ಮಗುವಿನ ಲೆಕ್ಕದಲ್ಲಿ ಏನು? 2025ರಲ್ಲಿ ಬಂದ ಪೂರ್ವಕಥೆ ಈ ಪ್ರಶ್ನೆಯನ್ನು ಹಿಡಿದು ಶತಮಾನಗಳ ಹಿಂದಕ್ಕೆ ಓಡಿತೇ ಹೊರತು ಮಗುವಿನ ಕಡೆಗೆ ತಿರುಗಲಿಲ್ಲ.

ಕೆ.ಜಿ.ಎಫ್. ಎರಡನೆಯ ಭಾಗದಲ್ಲಿಯೂ ಹೀಗೆಯೇ. ರಾಕಿ ತಂದೆಯಾಗಲಿದ್ದಾನೆಂಬ ಸುದ್ದಿ ಬಂದುದೇ ತಡ, ಅವನ ಹೆಂಡತಿ ರೀನಾ ಅಧೀರನ ಗುಂಡಿಗೆ ಬಲಿಯಾಗುತ್ತಾಳೆ. ಒಂದು ಕೂಸು ಹುಟ್ಟಿ, ರಾತ್ರಿ ಅತ್ತು, ನರಾಚಿಯ ಸುಲ್ತಾನನು ಅದನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದ್ದರೆ ಕಥೆ ಎತ್ತ ಹೋಗುತ್ತಿತ್ತು? ಬಹುಶಃ ನಿಂತುಹೋಗುತ್ತಿತ್ತು. ಕೂಸನ್ನು ಎತ್ತಿಕೊಂಡ ಕೈಗೆ ಬಂದೂಕನ್ನು ಹಿಡಿಯಲು ಬಿಡುವಿಲ್ಲ. ಆದುದರಿಂದ ಈ ಚಿತ್ರಗಳಲ್ಲಿ ನಾಯಕನು ಮಗನಾಗಿ ಬಹುಕಾಲ ಬಾಳುತ್ತಾನೆ. ತಂದೆಯಾಗಿ ಒಂದು ದಿನವೂ ಬಾಳುವುದಿಲ್ಲ. ತನ್ನ ತಂದೆಯನ್ನು ಕಥೆ ಅಳಿಸಿದಂತೆಯೇ ಅವನೂ ತಂದೆಯಾಗುವ ಮೊದಲು ಅಳಿಸಲ್ಪಡುತ್ತಾನೆ.

ಹಿಂದೆ ಇದು ಸಾಧ್ಯವಾಗಿದ್ದಿತು. 1972ರ 'ಬಂಗಾರದ ಮನುಷ್ಯ'ದಲ್ಲಿ ರಾಜೀವನು ಹೊಡೆದಾಡಿಯೂ ಇದ್ದಾನೆ, ಬಂಡೆ ಒಡೆದು ಬಾವಿ ತೋಡಿಯೂ ಇದ್ದಾನೆ. ಅಕ್ಕನ ಮಕ್ಕಳಿಗೆ ತಂದೆಯ ಸ್ಥಾನದಲ್ಲಿ ನಿಂತು, ಅವರನ್ನು ಓದಿಸಿ, ಅವರಿಂದಲೇ ನಿಂದೆಗೆ ಗುರಿಯಾಗಿ, ಊಟದ ತಟ್ಟೆಯನ್ನು ಬಿಟ್ಟು ಎದ್ದು ಹೋಗುತ್ತಾನೆ. ಅವನು ಹೆತ್ತ ತಂದೆಯಲ್ಲ. ತಂದೆಯ ಕೆಲಸವನ್ನು ಮಾಡಿದವನು. ಅವನ ಪೌರುಷಕ್ಕೆ ಅಳತೆ ಅವನು ಎಷ್ಟು ಮಂದಿಯನ್ನು ಕೆಡವಿದನೆಂಬುದಲ್ಲ, ಎಷ್ಟು ಎಕರೆಗೆ ನೀರು ಹರಿಯಿಸಿದನೆಂಬುದು. ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದ ಯುವಕರಿದ್ದರೆಂದು ಹಿರಿಯರು ಹೇಳುತ್ತಾರೆ. ಒಂದು ಮಾತ್ರ ಅಲ್ಲಿಯೂ ನಿಜ: ರಾಜೀವನ ಹೆಂಡತಿಯೂ ಬದುಕುವುದಿಲ್ಲ, ಅವನಿಗೂ ಸ್ವಂತ ಮಗುವಿಲ್ಲ.

ಹೆಸರಿನ ಮಾತು ಅರ್ಧಕ್ಕೆ ನಿಂತಿತ್ತು. ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ ಬಾಹುಬಲಿ ಅಣ್ಣನಾದ ಭರತನಿಗೆ ಎರಗಲು ಒಪ್ಪದೆ ಹೋದದ್ದು ತಂದೆಯ ಕಾರಣದಿಂದ. ತಂದೆ ಆದಿದೇವನು ತಪಸ್ಸಿಗೆ ಹೊರಡುವ ಮೊದಲು ಇಬ್ಬರಿಗೂ ಪಾಲು ಕೊಟ್ಟಿದ್ದನು. ತಂದೆ ಕೊಟ್ಟ ನೆಲಕ್ಕಾಗಿ ಅಣ್ಣನಿಗೆ ಏಕೆ ತಲೆಬಾಗಬೇಕೆಂಬುದು ಅವನ ವಾದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿಯೂ ಆಯಿತು. ಎತ್ತಿದ ಮೇಲೆ ಕೆಡವುವುದೊಂದೇ ಉಳಿದದ್ದು. ಅವನು ಮೆಲ್ಲನೆ ಇಳಿಸಿದನು. ಅದೇ ಹೆಸರಿನ ಚಿತ್ರದ ಎರಡನೆಯ ಭಾಗ 2017ರಲ್ಲಿ ಬಂದಾಗ ಬಾಹುಬಲಿಯ ಮಗನು ತಂದೆಯನ್ನು ಕೊಲ್ಲಿಸಿದವನನ್ನು ಚಿತೆಯ ಮೇಲೆ ಸುಡುತ್ತಾನೆ, ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಬೆಟ್ಟದ ಮೇಲಿನವನ ಕೈಗಳು ಎರಡೂ ಕೆಳಗಿವೆ, ಬಳ್ಳಿ ಹಬ್ಬಿದೆ. ಚನ್ನರಾಯಪಟ್ಟಣದ ಹುಡುಗರು ಹತ್ತು ಹನ್ನೆರಡು ಕಿಲೋಮೀಟರಿನ ದಾರಿಯಲ್ಲಿ ಎರಡನ್ನೂ ನೋಡಿ ಬರಬಹುದು.

ಕೆ.ಜಿ.ಎಫ್. ಚಿತ್ರದಲ್ಲಿ ಒಬ್ಬ ತಂದೆಯೂ ಒಬ್ಬ ಮಗನೂ ಇದ್ದಾರೆಂಬುದನ್ನು ಪ್ರೇಕ್ಷಕರಲ್ಲಿ ಅನೇಕರು ಗಮನಿಸಿಲ್ಲ. ಮೊದಲನೆಯ ಭಾಗದಲ್ಲಿ ರಾಕಿಯ ಕಥೆಯನ್ನು ಹೇಳುವವನು ಆನಂದ ಇಂಗಳಗಿ ಎಂಬ ವೃದ್ಧ ಪತ್ರಿಕೋದ್ಯೋಗಿ. ಅನಂತನಾಗ್ ಅವರು ಆ ಪಾತ್ರವನ್ನು ಬಹಳ ಘನತೆಯಿಂದ ಆಡಿದ್ದಾರೆ. ಎರಡನೆಯ ಭಾಗದ ಹೊತ್ತಿಗೆ ಅವನು ಕಾಯಿಲೆಯಿಂದ ಮಲಗಿದ್ದಾನೆ. ಕಥೆಯನ್ನು ಕೇಳಲು ಬಂದವರಿಗೆ ಉಳಿದುದನ್ನು ಹೇಳಲು ಮಗ ವಿಜಯೇಂದ್ರ ಇಂಗಳಗಿ ಬಂದು ಕುಳಿತುಕೊಳ್ಳುತ್ತಾನೆ. ಪ್ರಕಾಶ್ ರಾಜ್ ಆ ಮಗ. ತಂದೆ ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ ಅವನು ಮೊದಲು ಮಾಡುತ್ತಾನೆ. ತಂದೆಯ ಮಾತನ್ನು ತಾನು ಮುಂದುವರಿಸುವಾಗ ಅವನಿಗೆ ಏನನ್ನಿಸಿತೆಂದು ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಹೊರಗೆ ಗುಂಡಿನ ಸದ್ದು ಆರಂಭವಾಗುತ್ತದೆ, ಚಿತ್ರ ಆ ಕಡೆಗೆ ಹೋಗುತ್ತದೆ.